ಕಲ್ಲನ್ನು ಕೆಡಿಸದೆ ಓದುವ ವಿದ್ಯೆ

ಪಳೆಯುಳಿಕೆಯೆಂದರೆ ಕಲ್ಲಾಗಿ ಉಳಿದ ಜೀವಿ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತು. ಅಷ್ಟಾಗಿ ಗೊತ್ತಿರದ ಮಾತೊಂದುಂಟು. ಆ ಜೀವಿಯನ್ನು ಕುರಿತು ನಾವು ತಿಳಿಯಬೇಕಾದ ಸಂಗತಿಗಳು ಬಹುಮಟ್ಟಿಗೆ ಕಲ್ಲಿನ ಮೇಲ್ಮೈಯಲ್ಲಿ ಇರುವುದೇ ಇಲ್ಲ. ಮಿದುಳು ಇದ್ದ ಗೂಡು, ಒಳಕಿವಿಯ ನಾಳಗಳು, ನರಗಳು ಹಾಯ್ದುಹೋದ ರಂಧ್ರಗಳು, ಒಸಡನ್ನು ಸೀಳಿ ಇನ್ನೂ ಹೊರಬಾರದ ಹಲ್ಲುಗಳು, ಹಣ್ಣಿನೊಳಗಣ ಬೀಜ, ಬೀಜದೊಳಗಣ ಭ್ರೂಣ: ಒಂದು ಜೀವಿ ಯಾವ ಕುಲಕ್ಕೆ ಸೇರಿತ್ತು, ಹೇಗೆ ಬಾಳಿತು ಎಂಬುದನ್ನು ಹೇಳಬಲ್ಲ ಸಾಕ್ಷ್ಯವೆಲ್ಲ ಇಂಥ ಒಳಕೋಣೆಗಳಲ್ಲಿ ಅಡಗಿರುತ್ತದೆ. ಸತ್ತ ಜೀವಿ ಹೂತುಹೋದಾಗ ಆ ಕೋಣೆಗಳೊಳಕ್ಕೆ ಕೆಸರು ನುಗ್ಗುತ್ತದೆ. ಕಾಲಾಂತರದಲ್ಲಿ ಎಲುಬೂ ಕಲ್ಲಾಗಿ, ಕೆಸರೂ ಕಲ್ಲಾಗಿ, ಎರಡೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆದ್ದರಿಂದ ಪ್ರಾಗ್ಜೀವಿಗಳನ್ನು ಅಭ್ಯಾಸ ಮಾಡುವ ವಿದ್ವಾಂಸರ ಮುಂದೆ ಬಹುಕಾಲ ಒಂದು ಕಠಿನವಾದ ಪ್ರಶ್ನೆ ನಿಂತಿತ್ತು. ಕಲ್ಲನ್ನು ಉಳಿಸಿಕೊಂಡು ಅರಿವಿಲ್ಲದೆ ಇರುವುದೋ, ಅರಿವಿಗಾಗಿ ಕಲ್ಲನ್ನು ಹಾಳುಮಾಡುವುದೋ?

ಈ ಪ್ರಶ್ನೆಗೆ ಗಣಕಯಂತ್ರದ ನೆರವಿನಿಂದ ಉತ್ತರ ದೊರೆತದ್ದು ಕಳೆದ ನಾಲ್ಕು ದಶಕಗಳ ಈಚೆಗೆ. ಆದರೆ ಉತ್ತರದ ಬೆಲೆ ತಿಳಿಯಬೇಕಾದರೆ ಪ್ರಶ್ನೆಯನ್ನು ಹೊತ್ತು ನಡೆದವರ ಕಷ್ಟ ತಿಳಿಯಬೇಕು. ಅದಕ್ಕಾಗಿ ಒಂದು ಸಣ್ಣ ಮೀನಿನ ಬೆನ್ನು ಹಿಡಿದು ಹೋಗುವುದು ಅನುಕೂಲ.

ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿ ಕೇತ್‌ನೆಸ್ ಎಂಬ ಸೀಮೆಯಿದೆ. ಚಪ್ಪಡಿಕಲ್ಲಿಗೆ ಹೆಸರಾದ ನೆಲ. ಅಲ್ಲಿನ ಅಖನಾರಸ್ ಎಂಬ ಕಲ್ಲುಗಣಿಯಲ್ಲಿ ಮಾರ್ಕಸ್ ಗನ್, ಜಾನ್ ಗನ್ ಎಂಬ ಇಬ್ಬರಿಗೆ ಒಂದು ವಿಚಿತ್ರವಾದ ಜೀವಿಯ ಅಚ್ಚುಗಳು ದೊರೆತವು. ಉದ್ದ ಸುಮಾರು ಎರಡು ಅಂಗುಲ. ಎಡಿನ್‌ಬರೊದ ವಸ್ತುಸಂಗ್ರಹಾಲಯದ ರಾಮ್ಸೆ ಟ್ರೇಕ್ವೇರ್ ಅವರು 1890ರಲ್ಲಿ ಅದಕ್ಕೆ ‘ಪೇಲಿಯೊಸ್ಪಾಂಡಿಲಸ್ ಗನ್ನಿ’ ಎಂದು ಹೆಸರಿಟ್ಟರು. ಮೊದಲ ಪದಕ್ಕೆ ‘ಪುರಾತನ ಬೆನ್ನುಮಣಿ’ ಎಂಬ ಅರ್ಥ. ಎರಡನೆಯದು ಕಂಡವರ ಹೆಸರು. ಸುಮಾರು 39 ಕೋಟಿ ವರ್ಷಗಳ ಹಿಂದೆ ಅಲ್ಲಿದ್ದ ಸರೋವರವೊಂದರಲ್ಲಿ ಬಾಳಿದ ಪ್ರಾಣಿ ಇದು. ಬೆನ್ನುಮಣಿಗಳ ಸಾಲು ಜಪಸರದಂತೆ ಸ್ಪಷ್ಟವಾಗಿ ಕಾಣುತ್ತದೆ. ತಲೆಯೂ ಇದೆ, ಆದರೆ ಒತ್ತಡಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿದೆ. ಹಲ್ಲಿಲ್ಲ. ಜೋಡಿ ಈಜುರೆಕ್ಕೆಗಳ ಸುಳಿವು ಸಿಕ್ಕುವುದಿಲ್ಲ. ಮೀನೆನ್ನಲು ಅನುಮಾನ, ಮೀನಲ್ಲವೆನ್ನಲು ಸಂಕೋಚ. ದವಡೆಯೇ ಇಲ್ಲದ ಲ್ಯಾಂಪ್ರೆಯ ಬಂಧು ಎಂದರು ಕೆಲವರು. ಶ್ವಾಸಕೋಶವುಳ್ಳ ಮೀನಿನ ಮರಿ ಎಂದರು ಕೆಲವರು. ಗೊದಮೊಟ್ಟೆಯ ಜಾತಿ ಎಂದವರೂ ಉಂಟು. ತಲೆಯ ಒಳರಚನೆ ತಿಳಿಯದೆ ಈ ವ್ಯಾಜ್ಯ ತೀರುವಂತಿರಲಿಲ್ಲ.

ಆಕ್ಸ್‌ಫರ್ಡಿನಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಜಾನ್ಸನ್ ಸೋಲಸ್ ಈ ಸಂದರ್ಭದಲ್ಲಿ ರಂಗಕ್ಕೆ ಬರುತ್ತಾರೆ. 1849ರಿಂದ 1936ರವರೆಗೆ ಬಾಳಿದ ದೀರ್ಘಾಯು. ಅವರ ಇಬ್ಬರು ಹೆಣ್ಣುಮಕ್ಕಳೂ ವಿದುಷಿಯರು. ಹಿರಿಯಳು ಹರ್ತಾ, ಎಡ್ವರ್ಡ್ ಸೂಸನ ಭೂರಚನೆಯ ಮಹಾಗ್ರಂಥವನ್ನು ಜರ್ಮನಿನಿಂದ ಇಂಗ್ಲಿಷಿಗೆ ತಂದವಳು. ಭಾಷಾಂತರಕಾರರನ್ನು ಯಾರೂ ನೆನೆಯದ ಈ ಲೋಕದಲ್ಲಿ ಆಕೆಯ ಹೆಸರನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಕಿರಿಯಳು ಇಗರ್ನಾ, ಕೇಂಬ್ರಿಜಿನ ನ್ಯೂನಮ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞೆ. ತಂದೆ ಮಗಳು ಕೂಡಿ ಸ್ಕಾಟ್ಲೆಂಡಿನ ಆ ಮೀನನ್ನು ಕೈಗೆತ್ತಿಕೊಂಡರು. 1903ರಲ್ಲಿ ಸೋಲಸ್ ತಮ್ಮ ವಿಧಾನವನ್ನು ಪ್ರಕಟಿಸಿದರು; ಮೀನನ್ನು ಕುರಿತ ಜಂಟಿ ಪ್ರಬಂಧವೂ ಅದೇ ವರ್ಷದ್ದು.

ವಿಧಾನ ಹೀಗೆ. ಪಳೆಯುಳಿಕೆಯಿರುವ ಕಲ್ಲಿನ ತುಣುಕನ್ನು ಒಂದು ಯಂತ್ರದಲ್ಲಿ ಬಿಗಿದು, ಮಿಲಿಮೀಟರಿನ ಅತ್ಯಲ್ಪ ಭಾಗದಷ್ಟು ಮಾತ್ರ ತೇಯುವುದು. ತೇಯ್ದಾಗ ಹೊಸದೊಂದು ಮೈ ತೆರೆದುಕೊಳ್ಳುತ್ತದೆ. ಅದರ ಚಿತ್ರವನ್ನು ತೆಗೆದುಕೊಳ್ಳುವುದು. ಮತ್ತೆ ಅಷ್ಟೇ ತೇಯುವುದು, ಮತ್ತೆ ಚಿತ್ರ. ನಮ್ಮ ಮನೆಗಳಲ್ಲಿ ಸಾಣೆಕಲ್ಲಿನ ಮೇಲೆ ಗಂಧದ ಕೊರಡನ್ನು ತೇಯುತ್ತಾರಲ್ಲ, ಅದೇ ಕ್ರಮ. ಆದರೆ ಇಲ್ಲಿ ಎಷ್ಟು ತೇಯ್ದೆವೆಂಬುದಕ್ಕೆ ಪ್ರತಿ ಸಲವೂ ಕಟ್ಟುನಿಟ್ಟಾದ ಲೆಕ್ಕವಿರುತ್ತದೆ. ಕೊನೆಗೆ ಕಲ್ಲು ಪುಡಿಯಾಗಿ ನೀರಿನಲ್ಲಿ ಹೋಗಿರುತ್ತದೆ; ಕೈಯಲ್ಲಿ ಚಿತ್ರಗಳ ಕಟ್ಟು ಉಳಿದಿರುತ್ತದೆ. ಆಮೇಲೆ ಒಂದೊಂದು ಚಿತ್ರವನ್ನೂ ಹಲವು ಪಟ್ಟು ದೊಡ್ಡದು ಮಾಡಿ, ಮೇಣದ ಹಾಳೆಯ ಮೇಲೆ ಬರೆದು, ಅಂಚಿನುದ್ದಕ್ಕೂ ಕತ್ತರಿಸಿ, ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದರೆ, ಕರಗಿಹೋದ ತಲೆ ಮೇಣದಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ಘನವಾದ ವಸ್ತುವನ್ನು ಪದರಪದರವಾಗಿ ಬಿಡಿಸಿ ಮತ್ತೆ ಕೂಡಿಸುವುದು ಎಂಬ ಕಲ್ಪನೆಯಿದೆಯಲ್ಲ, ಇಂದಿನ ಎಲ್ಲ ಗಣಕಚಿತ್ರಗಳ ಮೂಲವೂ ಅದೇ. ಸೋಲಸರ ಕಾಲದಲ್ಲಿ ಗಣಕವಿರಲಿಲ್ಲ, ಮೇಣವಿತ್ತು, ಅಷ್ಟೇ ಅಂತರ.

ಅಷ್ಟೇ ಅಂತರ ಎಂದುದು ಸ್ವಲ್ಪ ಅವಸರದ ಮಾತಾಯಿತು. ತೇಯ್ದ ಕಲ್ಲು ಹಿಂದಕ್ಕೆ ಬರುವುದಿಲ್ಲ. ತಾಳೆಗರಿಯ ಗ್ರಂಥವೊಂದನ್ನು ಪ್ರತಿಮಾಡುವವನು ಒಂದೊಂದು ಗರಿಯನ್ನು ನಕಲು ಮಾಡಿಕೊಂಡು, ಮೂಲದ ಗರಿಯನ್ನು ಕೂಡಲೇ ಒಲೆಗೆ ಹಾಕುತ್ತ ಹೋದನೆಂದು ಕಲ್ಪಿಸಿಕೊಳ್ಳಿ. ಲಿಪಿಕಾರ ಎಷ್ಟೇ ಪ್ರಾಮಾಣಿಕನಾಗಿರಲಿ, ಎಷ್ಟೇ ನಿಪುಣನಾಗಿರಲಿ, ಅವನ ಕಣ್ಣು ತಪ್ಪಿಸಿದ ಒಂದು ಕೊಂಬು ಒಂದು ದೀರ್ಘ ಎಂದೆಂದಿಗೂ ಹೋದಂತೆಯೇ. ಮುಂದಿನ ಸಂಪಾದಕ ಅವನ ನಕಲನ್ನು ನಂಬಬೇಕು, ಇಲ್ಲವೆ ಬಿಡಬೇಕು. ಮೂಲಕ್ಕೆ ಹೋಗಿ ನೋಡುತ್ತೇನೆನ್ನುವ ದಾರಿ ಮುಚ್ಚಿಹೋಗಿದೆ. ಸ್ಕಾಟ್ಲೆಂಡಿನ ಮೀನಿನ ವಿಷಯದಲ್ಲಿ ಒಂದು ಸಮಾಧಾನವಿತ್ತು. ಅದೇ ಗಣಿಯಿಂದ ಅಂಥ ಮೀನುಗಳು ಮತ್ತೆ ಮತ್ತೆ ದೊರೆತಿದ್ದವು. ಒಂದು ಹೋದರೆ ಇನ್ನೊಂದು. 1940ರಲ್ಲಿ ಆಕ್ಸ್‌ಫರ್ಡಿನವರೇ ಆದ ಮಾಯ್-ಥಾಮಸ್ ಅದನ್ನು ಮತ್ತೆ ಅಭ್ಯಾಸಕ್ಕೆ ಎತ್ತಿಕೊಂಡರು. ವ್ಯಾಜ್ಯ ಮುಂದುವರಿಯಿತು. ಆದರೆ ಜಗತ್ತಿನಲ್ಲಿ ಒಂದೇ ಒಂದು ಇರುವ ತಲೆಬುರುಡೆಯನ್ನು ಸಾಣೆಗೆ ಕೊಡಲು ಯಾರ ಕೈ ತಾನೇ ಮುಂದಾದೀತು?

ಕೈ ಮುಂದಾದ ಕಡೆಗಳಲ್ಲಿ ಅದ್ಭುತಗಳೇ ನಡೆದವು ಎಂಬುದನ್ನೂ ಹೇಳಬೇಕು. ಸ್ವೀಡನ್ನಿನ ಎರಿಕ್ ಸ್ಟೆನ್ಸಿಯೊ, ಉತ್ತರ ಧ್ರುವದ ಸಮೀಪದ ಸ್ಪಿಟ್ಸ್‌ಬರ್ಗನ್ ದ್ವೀಪದಿಂದ ಬಂದ ದವಡೆಯಿಲ್ಲದ ಮೀನುಗಳ ತಲೆಗಳನ್ನು ಹೀಗೆಯೇ ತೇಯ್ದು, 1927ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವುಗಳ ಮಿದುಳಿನ ಆಕಾರವನ್ನೂ ನರ ಮತ್ತು ರಕ್ತನಾಳಗಳ ಹಾದಿಯನ್ನೂ, ನಿನ್ನೆ ಹಿಡಿದ ಮೀನನ್ನು ಕೊಯ್ದು ಕಂಡಂತೆ, ವರ್ಣಿಸಿದರು. ಸ್ಟಾಕ್‌ಹೋಮಿನ ಅದೇ ಪರಂಪರೆಯ ಎರಿಕ್ ಯಾರ್ವಿಕ್, ಕೆನಡಾದ ಕ್ವಿಬೆಕ್ಕಿನಲ್ಲಿ ದೊರೆತ ‘ಯೂಸ್ತೆನೊಪ್ಟೆರಾನ್’ ಎಂಬ ಮೀನಿನ ತಲೆಯೊಂದಿಗೆ ದಶಕಗಳನ್ನೇ ಕಳೆದರು. ನೀರಿನಿಂದ ನೆಲಕ್ಕೆ ಏರಿದ ನಾಲ್ಕು ಕಾಲಿನ ಪ್ರಾಣಿಗಳ ಪೂರ್ವಜರಿಗೆ ಹತ್ತಿರದ ಮೀನು ಅದು. ಒಂದು ಮೀನು, ಒಂದು ಆಯುಸ್ಸು. ನಮ್ಮಲ್ಲಿ ಒಂದೇ ಕಾವ್ಯದ ಪಾಠಪರಿಷ್ಕರಣದಲ್ಲಿ ಮುಪ್ಪಾದ ಪಂಡಿತರನ್ನು ಕಂಡವರಿಗೆ ಇದು ಅರ್ಥವಾಗದ ನಿಷ್ಠೆಯೇನಲ್ಲ.

ಭಾರತದಲ್ಲಿ ಈ ಕೊಯ್ಯುವ ತೇಯುವ ವಿದ್ಯೆಯನ್ನು ಕಟ್ಟಿ ಬೆಳೆಸಿದವರು ಬೀರಬಲ್ ಸಾಹನಿ. ಕೇಂಬ್ರಿಜಿನಲ್ಲಿ ಸೀವರ್ಡರ ಶಿಷ್ಯರಾಗಿದ್ದು, 1921ರಿಂದ ಲಖನೌ ವಿಶ್ವವಿದ್ಯಾನಿಲಯದಲ್ಲಿ ನೆಲೆಸಿದ ಸಸ್ಯಶಾಸ್ತ್ರಜ್ಞರು. ದಖನ್ನಿನ ಲಾವಾ ಹರಿದ ಕಾಲದಲ್ಲಿ, ಒಂದು ಹರಿವಿಗೂ ಮುಂದಿನ ಹರಿವಿಗೂ ನಡುವಣ ಬಿಡುವಿನಲ್ಲಿ, ಕೆರೆಗಳಾಗಿ ಕಾಡು ಬೆಳೆದು, ಮತ್ತೆ ಲಾವಾ ಮುಚ್ಚಿ, ಆ ಗಿಡಮರಗಳು ಚಕಮಕಿಯಂಥ ಕಲ್ಲಾಗಿ ಉಳಿದಿವೆ. ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಮೋಹಗಾಂವ್ ಕಲಾನ್ ಎಂಬ ಹಳ್ಳಿ ಅಂಥ ಕಲ್ಲುಗಳಿಗೆ ಪ್ರಸಿದ್ಧ. ಅಲ್ಲಿನ ಒಂದು ಹಣ್ಣಿಗೆ ಸಾಹನಿಯವರು ಇಟ್ಟ ಹೆಸರು ‘ಎನಿಗ್ಮೊಕಾರ್ಪನ್’; ಒಗಟಿನ ಹಣ್ಣು ಎಂದು ಕನ್ನಡಿಸಬಹುದು. ಅದನ್ನು ಓದಬೇಕಾದರೆ ಗರಗಸದಿಂದ ಕೊಯ್ದು, ಬೆಳಕು ತೂರುವಷ್ಟು ತೆಳ್ಳಗೆ ತೇಯಬೇಕು. ಗರಗಸದ ಬಾಯಿಗೆ ಸಿಕ್ಕಿದ ಭಾಗ ಹೋಯಿತೆಂದೇ ಲೆಕ್ಕ. 1928ರಲ್ಲಿ ಜಾನ್ ವಾಲ್ಟನ್ ಎಂಬವರು ಕಲ್ಲಿನ ಮೈಯನ್ನು ಆಮ್ಲದಿಂದ ಕೊಂಚ ಕರಗಿಸಿ, ಎದ್ದು ನಿಂತ ಸಸ್ಯಕೋಶಗಳ ಮೇಲೆ ತೆಳುವಾದ ಸೆಲ್ಯುಲೋಸಿನ ಪೊರೆಯನ್ನು ಹೊಯ್ದು, ಒಣಗಿದ ಮೇಲೆ ಅದನ್ನು ಸುಲಿದು ತೆಗೆಯುವ ಉಪಾಯ ಹೇಳಿಕೊಟ್ಟ ಮೇಲೆ ನಷ್ಟ ಕಡಿಮೆಯಾಯಿತು, ನಿಲ್ಲಲಿಲ್ಲ. ಸಾಹನಿಯವರ ಸಂಸ್ಥೆಗೆ ಲಖನೌದಲ್ಲಿ 1949ರ ಏಪ್ರಿಲ್ 3ರಂದು ಜವಾಹರಲಾಲ್ ನೆಹರೂ ಅಸ್ತಿಭಾರವಿಟ್ಟರು. ಒಂದೇ ವಾರದಲ್ಲಿ, ಏಪ್ರಿಲ್ 10ರಂದು, ಸಾಹನಿ ತೀರಿಕೊಂಡರು. ಆ ಸಂಸ್ಥೆ ಇಂದಿಗೂ ಅವರ ಹೆಸರಿನಲ್ಲಿ ನಡೆಯುತ್ತಿದೆ.

ಒಡೆಯದೆ ಒಳಗನ್ನು ಕಾಣುವ ಆಸೆಯಾದರೂ ಹೊಸದಲ್ಲ. ರಂಟ್‌ಜನ್ ಕ್ಷ-ಕಿರಣಗಳನ್ನು ಕಂಡದ್ದು 1895ರ ನವೆಂಬರಿನಲ್ಲಿ; ಮರುವರ್ಷವೇ ಯೂರೋಪಿನಲ್ಲಿ ಪಳೆಯುಳಿಕೆಗಳಿಗೂ ಆ ಕಿರಣಗಳನ್ನು ಹಾಯಿಸಿ ನೋಡಿದ್ದರು. ಆದರೆ ಕ್ಷ-ಕಿರಣದ ಸಾಮಾನ್ಯ ಚಿತ್ರವೆಂದರೆ ನೆರಳು. ಒಂದರ ಹಿಂದೊಂದು ಇರುವ ಹತ್ತು ವಸ್ತುಗಳ ನೆರಳು ಒಂದೇ ಹಾಳೆಯ ಮೇಲೆ ಬಿದ್ದರೆ ಯಾವುದು ಮುಂದಿನದು, ಯಾವುದು ಹಿಂದಿನದು? ಚಪ್ಪಟೆಯಾದ ಹಲಗೆಕಲ್ಲಿನಲ್ಲಿ ಅಷ್ಟಿಷ್ಟು ಕಂಡೀತು. ಜರ್ಮನಿಯ ಹುನ್ಸ್‌ರುಕ್ ಹಲಗೆಕಲ್ಲುಗಳಲ್ಲಿ ವಿಲ್‌ಹೆಲ್ಮ್ ಸ್ಟ್ಯೂರ್ಮರ್ ಕಂಡ ಸೊಗಸಾದ ಚಿತ್ರಗಳು ಅದಕ್ಕೆ ನಿದರ್ಶನ. ಗುಂಡಾದ ತಲೆಬುರುಡೆಯ ಮುಂದೆ ಈ ನೆರಳಿನಾಟ ನಡೆಯಲಿಲ್ಲ.

ದಾರಿ ತೆರೆದದ್ದು ವೈದ್ಯರಿಗಾಗಿ ಹೂಡಿದ ಒಂದು ಯಂತ್ರದಿಂದ. ನಾಯಿ ಕುಳಿತು ಹಾಡು ಕೇಳುವ ಚಿತ್ರದ ಗ್ರಾಮಫೋನ್ ತಟ್ಟೆಗಳನ್ನು ನಮ್ಮಲ್ಲಿ ಹಿರಿಯರು ಮರೆತಿರಲಾರರು. ಆ ತಟ್ಟೆಗಳ ಒಡೆತನವಿದ್ದ ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಸಂಶೋಧನ ವಿಭಾಗದಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರು ಕೆಲಸ ಮಾಡುತ್ತಿದ್ದರು. ಮುಚ್ಚಿದ ಪೆಟ್ಟಿಗೆಯೊಂದರ ಮೂಲಕ ಎಲ್ಲ ದಿಕ್ಕುಗಳಿಂದಲೂ ಕಿರಣಗಳನ್ನು ಹಾಯಿಸಿ, ಎಲ್ಲಿ ಎಷ್ಟು ಕಿರಣ ಹೀರಿಹೋಯಿತೆಂದು ಅಳೆದುಕೊಂಡರೆ, ಪೆಟ್ಟಿಗೆಯ ಒಳಗೆ ಎಲ್ಲೆಲ್ಲಿ ಏನೇನಿದೆ ಎಂದು ಲೆಕ್ಕ ಹಾಕಬಹುದಲ್ಲವೆ ಎಂಬುದು ಅವರ ಆಲೋಚನೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಒಳಗನ್ನು ಆ ಯಂತ್ರ ತೋರಿಸಿತು. ಅಡ್ಡಲಾಗಿ 80, ಉದ್ದಕ್ಕೆ 80 ಚೌಕಗಳ ಒರಟು ಚಿತ್ರ. ಈಗಿನ ಮಕ್ಕಳು ನೋಡಿದರೆ ನಕ್ಕಾರು. ಇಂದು ನಮ್ಮ ಜಿಲ್ಲಾಕೇಂದ್ರಗಳಲ್ಲಿಯೂ ಮನೆಮಾತಾಗಿರುವ ಸಿ.ಟಿ. ಸ್ಕ್ಯಾನಿನ ಹುಟ್ಟು ಅದೇ. ಇದೇ ಗಣಿತವನ್ನು ಬೇರೆಯಾಗಿ ಸಾಧಿಸಿದ್ದ ಆಲನ್ ಕಾರ್ಮ್ಯಾಕ್ ಅವರೊಂದಿಗೆ ಹೌನ್ಸ್‌ಫೀಲ್ಡ್ 1979ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಸೋಲಸರ ಸಾಣೆಯನ್ನು ಈಗ ಮತ್ತೊಮ್ಮೆ ನೆನೆಯಬೇಕು. ಪದರಗಳು ಅವೇ. ಆದರೆ ಪದರಗಳನ್ನು ಬಿಡಿಸುವುದು ಕಬ್ಬಿಣದ ಚಕ್ರವಲ್ಲ, ಲೆಕ್ಕ. ಪದರಗಳನ್ನು ಪೇರಿಸುವುದು ಮೇಣದಲ್ಲಲ್ಲ, ಅಂಕಿಗಳಲ್ಲಿ. ಕಲ್ಲು ಮೇಜಿನ ಮೇಲೆ ಇದ್ದಂತೆಯೇ ಇರುತ್ತದೆ.

ಅಮೆರಿಕದ ಸೇಂಟ್ ಲೂಯಿಯಲ್ಲಿ ಗ್ಲೆನ್ ಕಾನ್ರಾಯ್ ಎಂಬ ಶರೀರರಚನಾಶಾಸ್ತ್ರಜ್ಞರೂ ಮೈಕೇಲ್ ವ್ಯಾನಿಯರ್ ಎಂಬ ವಿಕಿರಣತಜ್ಞರೂ ಸೇರಿ, ಕಲ್ಲು ತುಂಬಿಕೊಂಡಿದ್ದ ಗೊರಸುಪ್ರಾಣಿಯೊಂದರ ತಲೆಬುರುಡೆಯ ಒಳಗನ್ನು ಮೂರು ಆಯಾಮಗಳಲ್ಲಿ ಗಣಕದ ಮೂಲಕ ಬಿಡಿಸಿ ತೋರಿಸಿದ ಪ್ರಬಂಧ 1984ರಲ್ಲಿ ಬಂದಿತು. ಮೂರು ವರ್ಷಗಳ ಮೇಲೆ ಅವರು ಮುಟ್ಟಿದ ವಸ್ತು ಇನ್ನೂ ದೊಡ್ಡದು. ದಕ್ಷಿಣ ಆಫ್ರಿಕದ ಟಾಂಗ್ ಎಂಬಲ್ಲಿ 1924ರಲ್ಲಿ ದೊರೆತು, ಮರುವರ್ಷ ರೇಮಂಡ್ ಡಾರ್ಟ್ ಲೋಕಕ್ಕೆ ಪರಿಚಯಿಸಿದ ಮಗುವಿನ ತಲೆ ಅದು. ಮನುಷ್ಯನ ಪೂರ್ವಜರ ವಂಶದಲ್ಲಿ ಅದಕ್ಕಿರುವ ಸ್ಥಾನ ಎಲ್ಲರಿಗೂ ತಿಳಿದದ್ದು. ಆ ಮಗುವಿಗೆ ಮೊದಲ ಶಾಶ್ವತ ದವಡೆಹಲ್ಲು ಆಗತಾನೆ ಮೂಡಿತ್ತು. ಮನುಷ್ಯರ ಲೆಕ್ಕ ಹಿಡಿದರೆ ಸತ್ತಾಗ ವಯಸ್ಸು ಆರರ ಸುಮಾರು. ವಾನರರ ಲೆಕ್ಕ ಹಿಡಿದರೆ ಮೂರು ದಾಟಿರಬಹುದು. ಯಾವ ಲೆಕ್ಕ ಸರಿ? ಉತ್ತರ ಇದ್ದದ್ದು ದವಡೆಯೊಳಗೆ ಹುದುಗಿ, ಇನ್ನೂ ಮೂಡದಿದ್ದ ಹಲ್ಲುಗಳಲ್ಲಿ. ಅದನ್ನು ಸಾಣೆಗೆ ಹಿಡಿಯೋಣವೆಂದು ಬಾಯಿಬಿಟ್ಟು ಆಡಿದವನು ಊರು ಬಿಡಬೇಕಾಗುತ್ತಿತ್ತು. 1987ರಲ್ಲಿ ಪ್ರಕಟವಾದ ಸಿ.ಟಿ. ಚಿತ್ರಗಳು ಹಲ್ಲುಗಳ ಬೆಳವಣಿಗೆ ವಾನರಕ್ರಮದ್ದೆಂದು ತೋರಿಸಿದವು. ಆ ಕಂದ ಬದುಕಿದ ದಿನಗಳು ಅರ್ಧಕ್ಕೆ ಅರ್ಧ ಇಳಿದುಹೋದವು. ದೀರ್ಘವಾದ ಬಾಲ್ಯವೆಂಬ ಮನುಷ್ಯನ ಸೊತ್ತು ಆ ಕುಲಕ್ಕೆ ಇನ್ನೂ ಬಂದಿರಲಿಲ್ಲವೆಂಬುದು ಅದರಿಂದ ಹೊರಟ ದೊಡ್ಡ ಮಾತು.

ಇಷ್ಟು ಕೇಳಿದವರಿಗೆ ಯಂತ್ರವೇ ಎಲ್ಲವನ್ನೂ ಹೇಳಿಬಿಡುತ್ತದೆಂಬ ಭಾವನೆ ಬಂದಿದ್ದರೆ ಅದನ್ನು ತಿದ್ದಬೇಕು. ಯಂತ್ರ ಕೊಡುವುದು ಬೂದುಬಣ್ಣದ ಕೋಟಿಗಟ್ಟಲೆ ಸಣ್ಣ ಘನಗಳನ್ನು; ಕಿರಣವನ್ನು ಹೆಚ್ಚು ಹೀರಿದ ಕಡೆ ಬಿಳುಪು, ಕಡಿಮೆ ಹೀರಿದ ಕಡೆ ಕಪ್ಪು. ಈ ಬೂದಿಯಲ್ಲಿ ಎಲ್ಲಿಯವರೆಗೆ ಎಲುಬು, ಎಲ್ಲಿಂದ ಕಲ್ಲು ಎಂಬ ಗೆರೆಯನ್ನು ಎಳೆಯುವವನು ಮನುಷ್ಯ. ಎರಡೂ ಬೇರೆ ಬೇರೆ ಖನಿಜವಾಗಿದ್ದರೆ ಗೆರೆ ತಾನಾಗಿಯೇ ಕಾಣುತ್ತದೆ. ಹಾಗಿಲ್ಲದಿದ್ದಾಗ ಅಭ್ಯಾಸಿಯು ಪದರದ ಮೇಲೆ ಪದರ ಇಟ್ಟುಕೊಂಡು, ತಿಂಗಳುಗಟ್ಟಲೆ ಗಣಕದ ಮುಂದೆ ಕುಳಿತು, ಇದು ಎಲುಬು, ಇದಲ್ಲ ಎಂದು ಕೈಯಿಂದಲೇ ಬಣ್ಣ ತುಂಬುತ್ತಾನೆ. ಪತ್ರಿಕೆಗಳಲ್ಲಿ ನಾವು ಕಾಣುವ ಕೆಂಪು ಹಳದಿ ನೀಲಿಯ ಅಂದವಾದ ತಲೆಬುರುಡೆಗಳ ಬಣ್ಣವೆಲ್ಲ ಹೀಗೆ ಬಂದದ್ದು. ಪಳೆಯುಳಿಕೆಯ ಬಣ್ಣವಲ್ಲ, ವಿದ್ವಾಂಸನ ಅಭಿಪ್ರಾಯದ ಬಣ್ಣ. ಶಾಸನದ ಅಳಿಸಿದ ಅಕ್ಷರಗಳನ್ನು ಕಂಸದಲ್ಲಿ ತುಂಬುವ ಸಂಪಾದಕರ ಕೆಲಸಕ್ಕೂ ಇದಕ್ಕೂ ಬಹಳ ದೂರವಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಬೇಕು. ಶಾಸನಗಳ ಸಂಪುಟದಲ್ಲಿ ಕಂಸ ಕಾಣುತ್ತದೆ, ಬಣ್ಣದ ಚಿತ್ರದಲ್ಲಿ ಕಂಸ ಕಾಣುವುದಿಲ್ಲ.

ಚಿತ್ರ ಸತ್ಯವನ್ನೇ ಹೇಳಿದರೂ ಕೇಳುವವರು ಕೇಳಬೇಕಷ್ಟೆ. 1999ರ ‘ಆರ್ಕಿಯೊರ‍್ಯಾಪ್ಟರ್’ ಪ್ರಕರಣ ಇದಕ್ಕೆ ಒಳ್ಳೆಯ ಸಾಕ್ಷಿ. ಚೀನದ ಲಿಯಾವ್‌ನಿಂಗ್ ಪ್ರಾಂತದಿಂದ ಕಳ್ಳದಾರಿಯಲ್ಲಿ ಅಮೆರಿಕಕ್ಕೆ ಬಂದ ಒಂದು ಹಲಗೆಕಲ್ಲು 80,000 ಡಾಲರಿಗೆ ಮಾರಾಟವಾಯಿತು. ಹಕ್ಕಿಯ ಮೈ, ಡೈನೋಸಾರಿನ ಬಾಲ. ಎರಡು ಕುಲಗಳನ್ನು ಜೋಡಿಸುವ ಕೊಂಡಿ ಸಿಕ್ಕಿತೆಂದು ಕೊಂಡವರು ಹಿಗ್ಗಿದರು. ಅದೇ ವರ್ಷದ ಬೇಸಗೆಯಲ್ಲಿ ಟೆಕ್ಸಸ್ಸಿನ ಆಸ್ಟಿನ್ನಿನಲ್ಲಿ ತಿಮತಿ ರೋ ಅದನ್ನು ಸಿ.ಟಿ. ಯಂತ್ರದಲ್ಲಿ ನೋಡಿದರು. ಎಂಬತ್ತಕ್ಕೂ ಹೆಚ್ಚು ತುಂಡುಗಳನ್ನು ಗಾರೆ ಹಾಕಿ ಕೂಡಿಸಿದ್ದ ಕಲ್ಲು ಅದು. ಬಾಲಕ್ಕೂ ಮೈಗೂ ಕೂಡುವ ಜಾಗವೇ ಹೊಂದುತ್ತಿರಲಿಲ್ಲ. ಎಚ್ಚರಿಕೆಯ ಮಾತು ಹೊರಟಿತು, ಆದರೆ ಹೋಗಿ ಮುಟ್ಟಬೇಕಾದ ಕಡೆ ಮುಟ್ಟಲಿಲ್ಲ. ‘ನ್ಯಾಷನಲ್ ಜಿಯೊಗ್ರಾಫಿಕ್’ ಪತ್ರಿಕೆ ನವೆಂಬರ್ ಸಂಚಿಕೆಯಲ್ಲಿ ಅದನ್ನು ಹೊಗಳಿ ಬರೆಯಿತು. ಡಿಸೆಂಬರಿನಲ್ಲಿ ಚೀನದ ಶೂ ಶಿಂಗ್ ಅವರಿಗೆ ಆ ಬಾಲದ ಎದುರುಭಾಗ, ಬೇರೊಂದು ಪ್ರಾಣಿಯ ಮೈಗೆ ಅಂಟಿಕೊಂಡು, ಸ್ವದೇಶದಲ್ಲೇ ಸಿಕ್ಕಿತು. ಅಲ್ಲಿಗೆ ಕಥೆ ಮುಗಿಯಿತು. ಕಳ್ಳ ಕಲ್ಲು ಎಂದು ಯಂತ್ರ ಮೊದಲೇ ಹೇಳಿತ್ತು. ಹಣವೂ ಹೆಸರೂ ಬೇಕಾಗಿದ್ದವರಿಗೆ ಕಿವಿ ಇರಲಿಲ್ಲ.

ಆಸ್ಪತ್ರೆಯ ಯಂತ್ರಕ್ಕಿಂತ ಸಾವಿರಾರು ಪಟ್ಟು ಸೂಕ್ಷ್ಮವಾದ ಕಣ್ಣು ಬೇಕಾದಾಗ ವಿದ್ವಾಂಸರು ಹೋಗುವುದು ಸಿಂಕ್ರೊಟ್ರಾನ್ ಎಂಬ ಬೃಹತ್ ಉಂಗುರಗಳಿಗೆ. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ ಅವುಗಳಿಂದ ಪ್ರಖರವಾದ ಕ್ಷ-ಕಿರಣಗಳನ್ನು ಪಡೆಯುವ ಕಟ್ಟಡಗಳು ಇವು. ಫ್ರಾನ್ಸಿನ ಗ್ರೆನೋಬಲ್, ಸ್ವಿಟ್ಸರ್ಲೆಂಡ್, ಜಪಾನುಗಳಲ್ಲಿರುವ ಉಂಗುರಗಳು ಪಳೆಯುಳಿಕೆಯವರಿಗೆ ತೀರ್ಥಕ್ಷೇತ್ರಗಳಾಗಿವೆ. 2006ರಲ್ಲಿ ಫಿಲಿಪ್ ಡೊನಹ್ಯೂ ಮತ್ತು ಸಂಗಡಿಗರು, ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಕಲ್ಲುಭ್ರೂಣಗಳ ಒಳಗನ್ನು ಸ್ವಿಸ್ ಉಂಗುರದಲ್ಲಿ ಕಂಡು ಬರೆದರು. ಇದೇ ಮನೆತನದ ವಿದ್ಯೆ ಸಾಹಿತ್ಯದವರ ಅಂಗಳಕ್ಕೂ ಬಂದಿದೆ ಎಂಬುದು ಈ ಪುಟದ ಓದುಗರಿಗೆ ಪ್ರಿಯವಾದೀತು. ಮೃತಸಮುದ್ರದ ದಂಡೆಯ ಎನ್-ಗೆಡಿಯಲ್ಲಿ 1970ರಲ್ಲಿ ದೊರೆತ ಸುಟ್ಟ ಸುರುಳಿಯೊಂದು ಮುಟ್ಟಿದರೆ ಉದುರುವ ಇದ್ದಿಲಾಗಿತ್ತು. ಬ್ರೆಂಟ್ ಸೀಲ್ಸ್ ಎಂಬ ಗಣಕವಿಜ್ಞಾನಿ ಅದರ ಸಿ.ಟಿ. ಚಿತ್ರದಿಂದ ಸುರುಳಿಯನ್ನು ಗಣಕದೊಳಗೇ ಬಿಚ್ಚಿ ಹರಡಿದರು. ಕಾಣಿಸಿಕೊಂಡದ್ದು ಹೀಬ್ರೂ ಬೈಬಲಿನ ಯಾಜಕಕಾಂಡದ ಸಾಲುಗಳು. 2015ರಲ್ಲಿ ಆ ಸುದ್ದಿ ಹೊರಬಿದ್ದಿತು.

ನಮ್ಮ ಸ್ಕಾಟ್ಲೆಂಡಿನ ಮೀನು ಏನಾಯಿತು? 2016ರಲ್ಲಿ ಜಪಾನಿನ ತತ್ಸುಯ ಹಿರಾಸಾವ ಮತ್ತು ಸಂಗಡಿಗರು ಅದು ದವಡೆಯಿಲ್ಲದ ಹ್ಯಾಗ್‌ಫಿಶ್ ಎಂಬ ಲೋಳೆಮೀನಿನ ಹಳೆಯ ಬಂಧುವೆಂದು ವಾದಿಸಿದರು. ಮರುವರ್ಷ ಲಂಡನ್ನಿನ ಜೆರಿನಾ ಜೊಹಾನ್ಸನ್ ಮತ್ತು ಇತರರು ಅದನ್ನು ಪ್ರಶ್ನಿಸಿದರು. ಹಿರಾಸಾವರು ಮತ್ತೆ ಕೆಲಸಕ್ಕೆ ಇಳಿದರು. ಈ ಸಲ ಅವರು ಆರಿಸಿಕೊಂಡದ್ದು ಗಣಿಯವರ ಉಳಿಯೂ ವಿದ್ವಾಂಸರ ಸೂಜಿಯೂ ಮುಟ್ಟದ, ತಲೆ ಪೂರ್ತಿಯಾಗಿ ಕಲ್ಲಿನಲ್ಲೇ ಹುದುಗಿದ್ದ ಮಾದರಿಗಳನ್ನು. ಹೊರತೆಗೆದು ಕೆರೆದ ತಲೆಗಳಲ್ಲಿ ಎಷ್ಟೋ ಭಾಗ ಆಗಲೇ ನಷ್ಟವಾಗಿರುತ್ತದೆ. ಯಾರಿಗೂ ಕಾಣದ ತಲೆಯೇ ಪೂರ್ಣವಾದ ತಲೆ. ಒಂದು ಕಾಲಕ್ಕೆ ನಿಷ್ಪ್ರಯೋಜಕವೆಂದು ಬದಿಗೆ ಸರಿಸುತ್ತಿದ್ದ ಕಲ್ಲುಗಳಿಗೆ ಹೀಗೆ ಮಾನ ಬಂದಿತು. ಸ್ಪ್ರಿಂಗ್-8 ಎಂಬ ಜಪಾನಿನ ಉಂಗುರದಲ್ಲಿ ತೆಗೆದ ಚಿತ್ರಗಳಲ್ಲಿ ಒಳಕಿವಿಯ ಅರೆಬಳೆಯಂಥ ನಾಳಗಳು ಕಾಣಿಸಿದವು. ಎಣಿಸಿದರೆ ಮೂರು. ದವಡೆಯಿಲ್ಲದ ಹ್ಯಾಗ್‌ಫಿಶ್ಶಿಗೆ ಒಂದು, ಲ್ಯಾಂಪ್ರೆಗೆ ಎರಡು. ಮೂರಿರುವುದು ದವಡೆಯುಳ್ಳ ಪ್ರಾಣಿಗಳಿಗೆ. ತಮ್ಮ ಹಿಂದಿನ ಅಭಿಪ್ರಾಯವನ್ನು ಕೈಬಿಟ್ಟು, ಇದು ನಾಲ್ಕು ಕಾಲಿನ ಪ್ರಾಣಿಗಳ ಪೂರ್ವಜರ ಕಡೆಗೆ ಸೇರಿದ್ದು, ಯಾರ್ವಿಕ್ ಆಯುಸ್ಸು ಕಳೆದ ಆ ಯೂಸ್ತೆನೊಪ್ಟೆರಾನಿನ ನೆರೆಯದು ಎಂದು ಹಿರಾಸಾವ ಮತ್ತು ಸಂಗಡಿಗರು 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಮರುವರ್ಷ ಅದೇ ಪತ್ರಿಕೆಯಲ್ಲಿ ಅದಕ್ಕೂ ಆಕ್ಷೇಪ ಬಂದಿತು.

ನೂರಮೂವತ್ತು ವರ್ಷ ಕಳೆದರೂ ತೀರ್ಮಾನವಾಗಲಿಲ್ಲವಲ್ಲ ಎಂದು ನಿರಾಶೆಪಡುವವರು ಇರಬಹುದು. ನನಗೆ ಇಲ್ಲಿ ಕಾಣುವ ಲಾಭ ಬೇರೆ. 1903ರಲ್ಲಿ ಆಕ್ಸ್‌ಫರ್ಡಿನ ತಂದೆ ಮಗಳು ತೇಯ್ದ ಮೀನಿನ ವಿಷಯದಲ್ಲಿ ಅವರೊಂದಿಗೆ ಜಗಳವಾಡಬಯಸುವವನು ಅವರ ಚಿತ್ರಗಳೊಂದಿಗೇ ಜಗಳವಾಡಬೇಕಿತ್ತು. 2022ರ ಮೀನಿನ ತಲೆಯನ್ನು ಕುರಿತು ಆಕ್ಷೇಪಿಸುವವನ ಮುಂದೆ ಅದೇ ತಲೆ ಇದೆ. ಅವನು ಬೇರೆ ಗೆರೆ ಎಳೆದು ನೋಡಬಹುದು, ಬೇರೆ ಬಣ್ಣ ತುಂಬಿ ನೋಡಬಹುದು. ನಾಳೆ ಇನ್ನೂ ಹರಿತವಾದ ಯಂತ್ರ ಬಂದರೆ ಕಲ್ಲನ್ನೇ ಮತ್ತೊಮ್ಮೆ ಅದರ ಮುಂದೆ ಇಡಬಹುದು. ಮೂಲಪ್ರತಿಯನ್ನು ಸುಡದೆ ಇಟ್ಟಿರುವುದರಿಂದ ಎರಡನೆಯ ಓದು ಸಾಧ್ಯವಾಯಿತು.

ಆ ಎರಡನೆಯ ಓದು ಯಾರಿಗೆ ದೊರೆಯಬೇಕು? ಶಿವಾಲಿಕ ಬೆಟ್ಟಗಳಲ್ಲಿ ಹ್ಯೂ ಫಾಕನರ್ ಮತ್ತು ಪ್ರೊಬಿ ಕಾಟ್ಲಿ 1830ರ ದಶಕದಲ್ಲಿ ಕೂಡಿಹಾಕಿದ ಆನೆ, ಜಿರಾಫೆ, ದೈತ್ಯ ಆಮೆಗಳ ಎಲುಬುಗಳ ಬಹುದೊಡ್ಡ ಭಾಗ ಲಂಡನ್ನಿನಲ್ಲಿದೆ. ಹಿಂದೆ ಅವುಗಳ ಸುಣ್ಣದ ಅಚ್ಚುಗಳನ್ನು ಮಾಡಿ ಬೇರೆ ಸಂಗ್ರಹಾಲಯಗಳಿಗೆ ಕಳುಹಿಸಿದ್ದುಂಟು. ಅಚ್ಚಿನಲ್ಲಿ ಹೊರಮೈ ಮಾತ್ರ ಇರುತ್ತದೆ. ಅಂಕಿಗಳ ಅಚ್ಚಿನಲ್ಲಿ ಒಳಗೂ ಇರುತ್ತದೆ, ಕಳುಹಿಸಲು ಹಡಗು ಬೇಡ. ದಕ್ಷಿಣ ಆಫ್ರಿಕದಲ್ಲಿ ದೊರೆತ ‘ಹೋಮೊ ನಲೇಡಿ’ ಎಂಬ ಮಾನವಜಾತಿಯನ್ನು 2015ರಲ್ಲಿ ಪ್ರಕಟಿಸಿದಾಗ, ಅದರ ಎಲುಬುಗಳ ಮೂರು ಆಯಾಮದ ಪ್ರತಿಗಳನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದಾದಂತೆ ಅಂದೇ ಬಿಡುಗಡೆ ಮಾಡಿದರು. ಎಲ್ಲರೂ ಅಷ್ಟು ಉದಾರಿಗಳಲ್ಲ. ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರು ಈ ಶಾಸ್ತ್ರದಲ್ಲಿಯೂ ಇದ್ದಾರೆ.

ಸಾಹನಿಯವರು ಗರಗಸ ಹಿಡಿದ ದಖನ್ನಿನ ಕಲ್ಲುಗಳಿಗೂ ಹೊಸ ಕಣ್ಣು ಬಿದ್ದಿದೆ. ಮಧ್ಯಭಾರತದ ಆ ಚಕಮಕಿ ಕಲ್ಲುಗಳಿಂದ ಸ್ಟೀವನ್ ಮ್ಯಾಂಚೆಸ್ಟರ್, ದಶರಥ ಕಾಪಗಟೆ, ಜುನ್ ವೆನ್ ಅವರು 2013ರಲ್ಲಿ ‘ಇಂಡೊವೈಟಿಸ್ ಚಿತಳೆಯೇ’ ಎಂಬ ಹಣ್ಣನ್ನು ವರ್ಣಿಸಿದರು. ಕೊಯ್ದ ಸೀಳುಗಳ ಜೊತೆಗೆ ಸೂಕ್ಷ್ಮ ಸಿ.ಟಿ. ಚಿತ್ರಗಳೂ ಅದಕ್ಕೆ ಆಧಾರ. ಬೀಜದ ಒಂದು ಮಗ್ಗುಲಲ್ಲಿ ಒಳಕ್ಕೆ ಮಡಿದ ಎರಡು ಗುಳಿಗಳು, ಇನ್ನೊಂದು ಮಗ್ಗುಲಲ್ಲಿ ಒಂದು ಮಚ್ಚೆ: ದ್ರಾಕ್ಷಿಯ ಕುಟುಂಬದ ಗುರುತುಗಳು ಇವು. ಸುಮಾರು 6 ಕೋಟಿ 60 ಲಕ್ಷ ವರ್ಷಗಳಷ್ಟು ಹಳೆಯದಾದ ಈ ಹಣ್ಣು ಆ ಕುಟುಂಬದ ಪಳೆಯುಳಿಕೆಗಳಲ್ಲಿ ಅತ್ಯಂತ ಪುರಾತನವೆಂದು ಅವರು ಹೇಳಿದರು. ಹೆಸರಿನ ಎರಡನೆಯ ಪದ ಇದೇ ಕಲ್ಲುಗಳಲ್ಲಿ ಬಹುಕಾಲ ದುಡಿದ ಶ್ಯಾ ಚಿತಳೆಯವರ ಸ್ಮರಣೆ. ಇಂದು ದ್ರಾಕ್ಷಿಯ ಚಪ್ಪರಗಳು ಹಬ್ಬಿರುವ ನಮ್ಮ ವಿಜಯಪುರದ ಕಪ್ಪುನೆಲ ಅದೇ ಲಾವಾ ಸವೆದು ಆದದ್ದು. ಆ ಹಣ್ಣಿಗೂ ಈ ಬಳ್ಳಿಗೂ ನೇರ ಸಂಬಂಧವೇನೂ ಇಲ್ಲ. ಆದರೂ ನೆನೆಯದೆ ಇರಲಾಗಲಿಲ್ಲ.

ಕ್ಷ-ಕಿರಣಕ್ಕೆ ಬಗ್ಗದ ಕಲ್ಲುಗಳು ಈಗಲೂ ಇವೆ. ಇಂಗ್ಲೆಂಡಿನ ಹೆರಿಫರ್ಡ್‌ಷೈರಿನಲ್ಲಿ ಸುಮಾರು 43 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿ ಬಿದ್ದು ಮುಚ್ಚಿಹೋದ ಸಮುದ್ರಜೀವಿಗಳು, ಕಾಲಿನ ಕೂದಲು ಸಹ ಮಾಸದಂತೆ, ಸಣ್ಣ ಸಣ್ಣ ಗುಂಡುಗಳಲ್ಲಿ ಉಳಿದಿವೆ. ಒಳಗಣ ಜೀವಿಯೂ ಕ್ಯಾಲ್ಸೈಟ್, ಸುತ್ತಣ ಗುಂಡಿನಲ್ಲಿಯೂ ಕ್ಯಾಲ್ಸೈಟ್. ಕಿರಣಕ್ಕೆ ಎರಡೂ ಒಂದೇ. ಆದ್ದರಿಂದ ಡೆರೆಕ್ ಸಿವಿಟರ್, ಡೆರೆಕ್ ಬ್ರಿಗ್ಸ್, ಡೇವಿಡ್ ಸಿವಿಟರ್, ಮಾರ್ಕ್ ಸಟನ್ ಮುಂತಾದವರು ಸೋಲಸರ ದಾರಿಯನ್ನೇ ಹಿಡಿದರು, ಅದೂ ಬಹುಮಟ್ಟಿಗೆ ಸೋಲಸರ ಆಕ್ಸ್‌ಫರ್ಡಿನಲ್ಲಿಯೇ. ಮಿಲಿಮೀಟರಿನ ಐವತ್ತರಲ್ಲೊಂದು ಭಾಗದಷ್ಟು ತೇಯುವುದು, ಚಿತ್ರ ತೆಗೆಯುವುದು, ಮತ್ತೆ ತೇಯುವುದು. ಮೇಣದ ಜಾಗದಲ್ಲಿ ಮಾತ್ರ ಗಣಕ ಬಂದಿದೆ. 2003ರಲ್ಲಿ ಅವರು ಹೀಗೆ ಬಿಡಿಸಿ ತೋರಿಸಿದ ‘ಕೊಲಿಂಬೊಸಾಥಾನ್’ ಎಂಬ ಪುಟ್ಟ ಚಿಪ್ಪುಜೀವಿಯ ಕಾಲು, ಕಿವಿರು, ಗಂಡೆಂಬುದರ ಗುರುತು ಎಲ್ಲವನ್ನೂ ಗಣಕದ ತೆರೆಯ ಮೇಲೆ ನಾವು ಬೇಕಾದಂತೆ ತಿರುಗಿಸಿ ನೋಡಬಹುದು. ಆ ಜೀವಿಯಿದ್ದ ಕಲ್ಲು ಈಗ ಇಲ್ಲ.